ಉಳಿಯದ ಚಿತ್ರ, ಉಳಿಯಬೇಕಾದ ಹೆಸರು

ಹೆಬ್ಬೆಯ ಜಲಪಾತದ ಮುಂದೆ ನಿಂತವರಿಗೆ ಪಕ್ಕದವರ ಮಾತು ಕೇಳಿಸದು. ಈಚೆಗೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ಎಲ್ಲರೂ ಕೈಸನ್ನೆ ಕಣ್ಸನ್ನೆಗಳಲ್ಲಿಯೇ ಮಾತನಾಡಿಕೊಂಡರು. ಹಿಂದಿರುಗುವಾಗ ಸಹಜವಾಗಿಯೇ ಮೂಕಿಚಿತ್ರಗಳ ಪ್ರಸ್ತಾಪ ಬಂದಿತು. ‘ಆ ಕಾಲದಲ್ಲಿ ಹೆಂಗಸರು ಯಾರಾದರೂ ಚಿತ್ರ ನಿರ್ದೇಶಿಸಿದ್ದರೇ, ಸಾರ್?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು.

ನಿರ್ದೇಶಿಸಿದ್ದರು. ಅವರ ಹೆಸರು ಫಾತ್ಮಾ ಬೇಗಂ. ಹೆಣ್ಣಿನ ಪಾತ್ರಕ್ಕೂ ಗಂಡಸರೇ ಬಣ್ಣ ಹಚ್ಚುತ್ತಿದ್ದ ದಿನಗಳು ಪೂರ್ತಿ ಕಳೆಯುವ ಮುನ್ನವೇ, 1922ರ ‘ವೀರ ಅಭಿಮನ್ಯು’ವಿನಲ್ಲಿ ಈಕೆ ನಟಿಯಾಗಿ ತೆರೆಗೆ ಬಂದರು. 1926ರಲ್ಲಿ ಮುಂಬಯಿಯಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿ, ‘ಬುಲ್‌ಬುಲ್-ಎ-ಪರಿಸ್ತಾನ್’ ಎಂಬ ಕಿನ್ನರಲೋಕದ ಪ್ರಣಯಚಿತ್ರವನ್ನು ನಿರ್ದೇಶಿಸಿದರು. ಭಾರತದಲ್ಲಿ ಹೆಣ್ಣೊಬ್ಬಳು ನಿರ್ದೇಶಿಸಿದ ಮೊದಲ ಚಿತ್ರವೆಂದು ಇತಿಹಾಸಕಾರರು ಇದನ್ನು ಗುರುತಿಸುತ್ತಾರೆ.

ಇಂದು ಅದರ ಪ್ರತಿಯೊಂದೂ ಉಳಿದಿಲ್ಲ. 1931ರಲ್ಲಿ ‘ಆಲಂ ಆರಾ’ ಮಾತನಾಡಿದ ಮೇಲೆ ಮೂಕಿಗಳ ಬೆಲೆ ಹೋಯಿತು. ಸುಲಭವಾಗಿ ಹೊತ್ತಿ ಉರಿಯುವ, ತಾನಾಗಿಯೂ ಕೊಳೆಯುವ ಅಂದಿನ ಫಿಲ್ಮು ಎಷ್ಟೋ ಚಿತ್ರಗಳನ್ನು ತನ್ನೊಡನೆ ಕೊಂಡೊಯ್ದಿತು. ‘ಆಲಂ ಆರಾ’ದ ನಾಯಿಕೆ ಜುಬೇದಾ ಈ ಫಾತ್ಮಾ ಬೇಗಂ ಅವರ ಮಗಳೇ. ಮಗಳನ್ನು ನೆನೆಯುವವರುಂಟು, ತಾಯಿಯನ್ನು ನೆನೆಯುವವರು ವಿರಳ.

‘ಕಾಣದ ಚಿತ್ರವನ್ನು ಹೊಗಳುವುದೆಂತು?’ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆಕ್ಷೇಪಣೆ ನ್ಯಾಯವಾದುದೇ. ಕಾಣದುದನ್ನು ಮಹಾಕೃತಿಯೆಂದು ಸಾರುವುದು ವಿಮರ್ಶೆಯಲ್ಲ. ಆದರೆ ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳನ್ನು ನಮ್ಮಲ್ಲಿ ಓದಿದವರಾರು? ‘ಕವಿರಾಜಮಾರ್ಗ’ ಹೆಸರಿಸುವ ನಾಗಾರ್ಜುನ, ಜಯಬಂಧು, ದುರ್ವಿನೀತರ ಗದ್ಯಗ್ರಂಥಗಳು ಎಲ್ಲಿವೆ? ಆದರೂ ಸಾಹಿತ್ಯಚರಿತ್ರೆಯ ಪಾಠದಲ್ಲಿ ಅವರನ್ನು ಹೆಸರಿಸದೆ ನಾವು ಮುಂದೆ ಹೋಗುವುದಿಲ್ಲ. ಹೊಗಳಿಕೆ ಬೇರೆ, ಸ್ಮರಣೆ ಬೇರೆ. ಕವಿಗಳಿಗೆ ಸಲ್ಲಿಸುವ ಈ ಮರ್ಯಾದೆ ಚಿತ್ರ ಮಾಡಿದ ಹೆಣ್ಣಿಗೇಕೆ ಸಲ್ಲಬಾರದು?

ಇದು ಬರಿಯ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಪ್ರೇಮಾ ಕಾರಂತರು ಚಿತ್ರವಾಗಿಸಿದ್ದು 1983ರಲ್ಲಿ. ಹೆಂಗಸರ ನಿರ್ದೇಶನ ಆಗಿನಿಂದ ಮೊದಲಾಯಿತೆಂದೇ ನನ್ನ ವಿದ್ಯಾರ್ಥಿನಿಯರು ತಿಳಿದಿದ್ದರು. ಅದಕ್ಕೂ 57 ವರ್ಷ ಹಿಂದೆಯೇ ಈ ದಾರಿಯನ್ನು ತುಳಿದವರಿದ್ದರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಳೆಯ ದಾರಿ ಅಳಿಸಿಹೋದರೆ, ಹಿಂದೆ ಬಂದವರೆಲ್ಲ ಮತ್ತೆ ಮೊದಲಿನಿಂದ ಕಾಡು ಕಡಿಯಬೇಕಾಗುತ್ತದೆ.

ಚಿತ್ರವನ್ನು ಮರಳಿ ತರುವುದು ನಮ್ಮ ಕೈಯಲ್ಲಿಲ್ಲ. ಹೆಸರನ್ನು ಪಾಠದಲ್ಲಿ ಹೇಳುವುದು ನಮ್ಮ ಕೈಯಲ್ಲಿದೆ. ಅಷ್ಟನ್ನಾದರೂ ಅಧ್ಯಾಪಕರಾದ ನಾವು ಮಾಡಬೇಡವೆ?