ಬೊಂಬೆಮನೆಯಲ್ಲೊಂದು ವಿಮಾನ

ನವರಾತ್ರಿ ಬಂದಿತೆಂದರೆ ಕೋರದ ನಮ್ಮ ಹಿರಿಯ ಮನೆಯ ನಡುಮನೆಯಲ್ಲಿ ಅಮ್ಮ ಬೊಂಬೆ ಕೂರಿಸುತ್ತಾರೆ. ಮೇಲಿನ ಹಲಗೆಯ ಮೇಲೆ ಪಟ್ಟದ ಬೊಂಬೆಗಳು. ಅದರ ಕೆಳಗೆ ಅಂಗಡಿ ಹರಡಿದ ಶೆಟ್ಟಿ ದಂಪತಿ, ಚನ್ನಪಟ್ಟಣದ ಅರಗಿನ ಆಟಿಕೆಗಳು. ನೆಲವೆಲ್ಲ ಮಕ್ಕಳ ಪಾಲು. ಅಲ್ಲಿ ಕನ್ನಡಿಯ ಚೂರು ಕೊಳವಾಗುತ್ತದೆ, ಮೊಳೆತ ರಾಗಿ ಪೈರಾಗುತ್ತದೆ. ಪಾಶ್ಚಾತ್ಯರು ಡಯೋರಾಮಾ ಎಂದು ಕರೆಯುವ ಕಲೆ ಇದಕ್ಕಿಂತ ಬಹು ದೂರದ್ದೇನೂ ಅಲ್ಲ.

ನನಗೂ ಆ ಗೀಳು ಉಂಟೆಂದರೆ ವಾಚಕರು ನಕ್ಕಾರು. ಹಗಲು ತರಗತಿಯಲ್ಲಿ ಪಂಪನ ಯುದ್ಧವರ್ಣನೆಯನ್ನು ಬೋಧಿಸುವ ಉಪನ್ಯಾಸಕನು ರಾತ್ರಿ ಚಿಮುಟ ಹಿಡಿದು, ಅಂಗೈಯಗಲದ ವಿಮಾನಕ್ಕೆ ರೆಕ್ಕೆ ಅಂಟಿಸುತ್ತ ಕುಳಿತಿರುತ್ತಾನೆ. ಲೆಕ್ಕವೇನೋ ಸುಲಭ: ನಿಜದ ಅಳತೆಯನ್ನು 72ರಿಂದ ಭಾಗಿಸಿದರಾಯಿತು. ಮೊದಲನೆಯ ಮಹಾಯುದ್ಧದ ಎಸ್.ಇ.5ಎ ವಿಮಾನದ ರೆಕ್ಕೆಯ ಹರವು 8.11 ಮೀಟರು, ನನ್ನ ಮೇಜಿನ ಮೇಲೆ ಅದು ಹನ್ನೊಂದೂಕಾಲು ಸೆಂಟಿಮೀಟರು. ಕಷ್ಟವಿರುವುದು ತಂತಿಗಳಲ್ಲಿ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಆ ಜೋಡಿರೆಕ್ಕೆಗಳನ್ನು ಬಿಗಿದ ತಂತಿಗಳು ಹಿಡಿದಿದ್ದವು. ಪ್ಲಾಸ್ಟಿಕ್ಕಿನ ಕಡ್ಡಿಯನ್ನು ದೀಪದ ಬಿಸಿಗೆ ಹಿಡಿದು ಮೆಲ್ಲನೆ ಎಳೆದರೆ ಕೂದಲಿನಂಥ ಎಳೆ ಹೊರಡುತ್ತದೆ. ಅದೇ ನನ್ನ ತಂತಿ.

ಆಗಸದಿಂದ ಕೊಲ್ಲುವ ವಿದ್ಯೆ ಬಹಳ ಹಳೆಯದಲ್ಲ. 1911ರ ನವೆಂಬರ್ 1ರಂದು ಇಟಲಿಯ ಜೂಲಿಯೋ ಗವೋಟ್ಟಿ ಲಿಬಿಯದಲ್ಲಿ ವಿಮಾನದಿಂದ ಕೈಯಾರೆ ಬಾಂಬುಗಳನ್ನು ಎಸೆದನು. 1915ರಲ್ಲಿ, ತಿರುಗುವ ಪ್ರೊಪೆಲರಿನ ಅಲಗುಗಳ ನಡುವೆಯೇ ಗುಂಡು ಹಾರಿಸುವ ಯಂತ್ರಸಾಧನ ಜರ್ಮನರ ಫೋಕರ್ ವಿಮಾನಕ್ಕೆ ಬಂದಿತು. ಅಲ್ಲಿಂದ ಮುಂದೆ ವಿಮಾನವೇ ಬಂದೂಕಾಯಿತು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಂದಿನಿಂದ ನನ್ನ ಮಗನಿಗೂ ಹಾರುವ ಯಂತ್ರಗಳ ಹುಚ್ಚು ಹಿಡಿದಿದೆ. ಕಳೆದ ದಸರೆಗೆ ಬೊಂಬೆಗಳ ನಡುವೆ ವಿಮಾನಯುದ್ಧವೇ ಆಗಬೇಕೆಂದು ಹಟ ಹಿಡಿದನು. ಎರಡು ವಿಮಾನಗಳನ್ನು ಸಣ್ಣ ತಂತಿಯ ಮೇಲೆ ನಿಲ್ಲಿಸಿದೆವು. ಒಂದರ ಬಾಲಕ್ಕೆ ಹತ್ತಿಯ ಹೊಗೆ, ಕೆಂಪು ಕಾಗದದ ಉರಿ. ನಮ್ಮ ಕೈಚಳಕಕ್ಕೆ ನಾವೇ ಬೀಗಿದೆವು.

ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. “ಉರಿಯುತ್ತಿರುವುದರೊಳಗೆ ಕೂತಿರುವವನು ಯಾರಪ್ಪ?”

ಹೇಳಿದೆ. ಅವನು ಕಲ್ಕತ್ತೆಯಲ್ಲಿ 1898ರಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್. ಒಮ್ಮೆ ವಿಮಾನ ಅಪ್ಪಳಿಸಿ ಗಾಯಗೊಂಡವನು, ಚೇತರಿಸಿಕೊಂಡು ಮತ್ತೆ ಹಾರಿದನು. 1918ರ ಜುಲೈನಲ್ಲಿ ಎರಡು ವಾರಗಳೊಳಗೆ ಹತ್ತು ಜಯ. ಅದೇ ತಿಂಗಳ 22ರಂದು ಫ್ರಾನ್ಸಿನ ಮೇಲೆ ನಡೆದ ಕಾಳಗದಲ್ಲಿ ಮರಣ. ಆಗ ಬ್ರಿಟಿಷ್ ವಿಮಾನಚಾಲಕರಿಗೆ ಪ್ಯಾರಾಷೂಟನ್ನು ಕೊಡುತ್ತಿರಲಿಲ್ಲ.

“ವಯಸ್ಸು?”

“ಹತ್ತೊಂಬತ್ತು, ಅಮ್ಮ.”

“ತಾಯಿ ಇದ್ದಳೇ?”

ಇದ್ದರು. ಲಂಡನ್ನಿನಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ 1911ರ ಮೆರವಣಿಗೆಯಲ್ಲಿ ನಡೆದ ಲೊಲಿತಾ ರಾಯ್ ಅವರೇ ಆ ತಾಯಿ. ಅಮ್ಮ ಮತ್ತೇನೂ ಕೇಳಲಿಲ್ಲ. ದೀಪಕ್ಕೆ ಎಣ್ಣೆ ಹಾಕಲು ಎದ್ದು ಹೋದರು. ನನ್ನ ಕಣ್ಣಿಗೆ ಮಾತ್ರ ಆ ಕೆಂಪು ಕಾಗದ ಚುಚ್ಚತೊಡಗಿತು. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುವವರಿಗೂ ಹತ್ತೊಂಬತ್ತೇ ವಯಸ್ಸು.

ರಾಯ್ ಗಾಯಗೊಂಡು ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ವಿಮಾನಗಳ ಚಿತ್ರ ಬರೆಯುತ್ತಿದ್ದನು. ಮರುದಿನ ತಂದೆಮಕ್ಕಳು ಕುಳಿತು ಉರಿಯನ್ನು ಕಿತ್ತೆವು. ವಿಮಾನವನ್ನು ನೆಲಕ್ಕಿಳಿಸಿ, ಮರದ ಪುಡಿಗೆ ಹಸುರು ಬಣ್ಣ ಹಾಕಿ ಹುಲ್ಲು ಹಾಸಿದೆವು. ಪಕ್ಕದಲ್ಲಿ ಒಂದು ಕುರ್ಚಿ. ಅದರ ಮೇಲೆ, ಎದ್ದು ನಿಂತರೆ ಎರಡೂಕಾಲು ಸೆಂಟಿಮೀಟರ್ ಎತ್ತರವಾಗುವ ಹುಡುಗ. ಮಡಿಲಲ್ಲಿ ಕಾಗದದ ಚೂರು. ಅವನನ್ನು ವಿಮಾನದ ಬಳಿಯೇ ಕೂರಿಸಿದುದು ಚರಿತ್ರೆಯಲ್ಲ, ನಾನು ತೆಗೆದುಕೊಂಡ ಸ್ವಾತಂತ್ರ್ಯ.

ಸಂಜೆ ಬೊಂಬೆಬಾಗಿನಕ್ಕೆಂದು ಕೇರಿಯ ಮಕ್ಕಳು ಬಂದರು. ಚಕ್ಕುಲಿ ಕಡಿಯುತ್ತ ಒಬ್ಬನು ನಿರಾಶೆಯಿಂದ, “ಯುದ್ಧ ಎಲ್ಲೋ?” ಎಂದನು.

ನನ್ನ ಮಗ ತುಟಿಯ ಮೇಲೆ ಬೆರಳಿಟ್ಟು ಹೇಳಿದನು: “ಮೆಲ್ಲಗೆ ಮಾತಾಡು. ಅವನು ಚಿತ್ರ ಬರೀತಿದ್ದಾನೆ.”