ಗಾಳದ ರೀಲ್‌ಗೆ ಕೊಬ್ಬರಿ ಎಣ್ಣೆ ಬಿಟ್ಟರೆ ಸಾಕೇ?

ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿ ಹರಿಯಿತು. ಹೊಸದುರ್ಗ ತಾಲ್ಲೂಕಿನವರೆಗೂ ಹಿನ್ನೀರು ಚಾಚಿರುವಾಗ ಅಟ್ಟದ ಮೇಲಿದ್ದ ಗಾಳದ ಕೋಲು ಕೆಳಗಿಳಿಯುವುದು ಸಹಜ. ಧೂಳು ಹಿಡಿದ ರೀಲ್ ತಿರುಗದಿದ್ದರೆ "ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡಿ" ಎಂಬ ಸಲಹೆ ಮೊಬೈಲ್‌ನಲ್ಲಿ ಸಿದ್ಧವಾಗಿಯೇ ಇರುತ್ತದೆ. ಇದು ಸರಿಯೇ?

ಹಾಕಿದ ದಿನ ರೀಲ್ ಹಗುರಾಗಿ ತಿರುಗುವುದು ನಿಜ. ಹಾಗಾಗಿಯೇ ಜನ ನಂಬುತ್ತಾರೆ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಹಿನ್ನೀರಿನ ದಡದಲ್ಲಿ ಕೂತವರಿಗೆ ಚಳಿ ಎಷ್ಟಿರುತ್ತದೆಂದು ಹೇಳಬೇಕಿಲ್ಲ. ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಬೇರಿಂಗ್‌ನಲ್ಲೂ ಹೆಪ್ಪುಗಟ್ಟುತ್ತದೆ. ಸೂರ್ಯಕಾಂತಿಯಂಥ ಅಡುಗೆ ಎಣ್ಣೆಗಳ ಸಮಸ್ಯೆ ಬೇರೆ. ಅವು ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಅಂಟಾಗುತ್ತವೆ. ಒಲೆಯ ಪಕ್ಕದ ಎಣ್ಣೆ ಡಬ್ಬಿಯ ಹೊರಮೈ ಮುಟ್ಟಿ ನೋಡಿ, ಅದೇ ಜಿಗುಟು. ಅದರ ಮೇಲೆ ಮರಳು ಕೂತರೆ ಗೇರ್ ಹಲ್ಲಿಗೆ ಉಪ್ಪುಕಾಗದ ಉಜ್ಜಿದಂತೆ.

"ಹಾಗಾದರೆ ನಮ್ಮ ತಾತ ಎತ್ತಿನಗಾಡಿಗೆ ಹರಳೆಣ್ಣೆ ಹಾಕುತ್ತಿರಲಿಲ್ಲವೇ?" ಹಾಕುತ್ತಿದ್ದರು. ಸುಟ್ಟ ಹುಲ್ಲಿನ ಮಸಿ ಕಲಸಿದ ಆ ಕೀಲೆಣ್ಣೆ ಒಳ್ಳೆಯ ತಂತ್ರವೇ. ಆದರೆ ಗಾಡಿಯ ಗಾಲಿ ನಿಧಾನ, ಅಚ್ಚು ದಪ್ಪ, ಕೀಲೆಣ್ಣೆಯನ್ನು ಆಗಾಗ ಹೊಸದಾಗಿ ಹಾಕುತ್ತಿದ್ದರು. ರೀಲ್ ಮೇಲೆ 5.2:1 ಎಂದು ಬರೆದಿದ್ದರೆ, ಹಿಡಿ ಒಂದು ಸುತ್ತು ತಿರುಗಿದಾಗ ದಾರ ಸುತ್ತುವ ಭಾಗ ಐದು ಸುತ್ತಿಗಿಂತ ಹೆಚ್ಚು ತಿರುಗುತ್ತದೆ ಎಂದರ್ಥ. ಅಲ್ಲಿ ಭಾರವೂ ಇದೆ, ವೇಗವೂ ಇದೆ. ಎರಡಕ್ಕೂ ಒಂದೇ ಎಣ್ಣೆ ಒಗ್ಗುವುದಿಲ್ಲ.

ಭಾರ ಬೀಳುವುದು ಒಳಗಿನ ಗೇರ್ ಹಲ್ಲುಗಳ ಮೇಲೆ. ಅಲ್ಲಿಗೆ ಗ್ರೀಸ್ ಬೇಕು. ಸ್ಪಂಜು ನೀರು ಹಿಡಿದಿಡುವಂತೆ ಗ್ರೀಸ್ ತನ್ನೊಳಗೆ ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ, ಹರಿದುಹೋಗುವುದಿಲ್ಲ. ಹಲ್ಲುಗಳಿಗೆ ತೆಳುವಾಗಿ ಸವರಿದರೆ ಸಾಕು, ಮೆತ್ತಬೇಡಿ. ವೇಗವಾಗಿ ತಿರುಗುವ ಬೇರಿಂಗ್, ದಾರ ಹಾಯುವ ಪುಟ್ಟ ಗಾಲಿ, ಹಿಡಿಯ ಗುಬುಟಿಗೆ ಒಂದೊಂದು ಹನಿ ತೆಳು ಎಣ್ಣೆ. ರೀಲ್ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ.

ಏನನ್ನೂ ಹಾಕಬಾರದ ಜಾಗಗಳೂ ಇವೆ. ಹೆಚ್ಚಿನವರು ಎಡವುವುದು ಇಲ್ಲೇ. ಡ್ರ್ಯಾಗ್ ಎಂಬ ಬಿಲ್ಲೆಗಳ ಜೋಡಣೆ ಸೈಕಲ್ ಬ್ರೇಕ್ ಇದ್ದಂತೆ. ದೊಡ್ಡ ಕಾಟ್ಲಾ ಎಳೆದಾಗ ದಾರವನ್ನು ಅಳತೆಯಲ್ಲಿ ಬಿಡುವುದೇ ಅದರ ಕೆಲಸ. ಅದಕ್ಕೆ ಸಿಕ್ಕ ಎಣ್ಣೆ ಸುರಿದರೆ ಬ್ರೇಕ್ ಜಾರುತ್ತದೆ. ಎಣ್ಣೆ ಅಂಟಾದ ಮೇಲೆ ಬಿಗಿದು ದಾರವೇ ತುಂಡಾಗುತ್ತದೆ. ಮೀನು ಹೋದದ್ದು ಹೋಯಿತು, ನೀರಿನಲ್ಲಿ ಉಳಿದ ನೈಲಾನ್ ದಾರ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಡ್ರ್ಯಾಗ್‌ಗೆಂದೇ ಬೇರೆ ಗ್ರೀಸ್ ಇದೆ. ಅದು ಬೇಕೋ ಬೇಡವೋ ಎಂದು ರೀಲ್ ಜತೆ ಬಂದ ಚೀಟಿ ನೋಡಿ. ಹಿಡಿ ಹಿಮ್ಮುಖ ತಿರುಗದಂತೆ ತಡೆಯುವ ಬೇರಿಂಗ್‌ಗೂ ಗ್ರೀಸ್ ತುಂಬಬೇಡಿ, ಹಿಡಿತ ಬಿಟ್ಟುಬಿಡುತ್ತದೆ.

ಇನ್ನು ಡಬ್ಲ್ಯುಡಿ-40 ಸ್ಪ್ರೇ. 1953ರಲ್ಲಿ ಅಮೆರಿಕದಲ್ಲಿ ತಯಾರಾದ ಇದರ ಹೆಸರಿನ ಅರ್ಥವೇ ನೀರನ್ನು ಹೊರದಬ್ಬುವ 40ನೇ ಪ್ರಯತ್ನ ಎಂದು. ತುಕ್ಕು ಬಿಡಿಸಲು ಒಳ್ಳೆಯದು. ಆದರೆ ಅದರ ಹೆಚ್ಚಿನ ಭಾಗ ಆರಿಹೋಗಿ ತೆಳು ಪದರ ಮಾತ್ರ ಉಳಿಯುತ್ತದೆ, ಒಳಗಿದ್ದ ಗ್ರೀಸನ್ನೂ ಕರಗಿಸುತ್ತದೆ. ಅದರಲ್ಲಿ ಮೀನೆಣ್ಣೆ ಇದೆ, ಮೀನು ಓಡಿ ಬರುತ್ತದೆ ಎನ್ನುವುದಂತೂ ಶುದ್ಧ ಸುಳ್ಳು, ಕಂಪನಿಯೇ ಅಲ್ಲಗಳೆದಿದೆ.

ಈಗಾಗಲೇ ಕೊಬ್ಬರಿ ಎಣ್ಣೆ ಬಿಟ್ಟಿದ್ದೀರಾ? ಗಾಬರಿ ಬೇಡ. ಬಿಚ್ಚುವ ಪ್ರತಿ ಹಂತದಲ್ಲೂ ಫೋಟೋ ತೆಗೆದುಕೊಳ್ಳಿ, ಬಿಲ್ಲೆಗಳ ಕ್ರಮ ಮರೆತರೆ ಕಷ್ಟ. ಗೇರ್‌ಗಳನ್ನು ಸೋಪು ನೀರು, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ ಗ್ರೀಸ್ ಹಚ್ಚಿ. ಪೆಟ್ರೋಲ್ ಮಾತ್ರ ಬೇಡ: ಕೆಲವು ಪ್ಲಾಸ್ಟಿಕ್ ಭಾಗಗಳು ಕೆಡುತ್ತವೆ, ಮನೆಯೊಳಗೆ ಅದರ ಆವಿಗೆ ಒಂದು ಕಿಡಿ ತಾಗಿದರೂ ಸಾಕು.