ತೆರಿಗೆ ಬೇಡ, ವಿಶ್ವವಿದ್ಯಾಲಯ ಬೇಕು

ಲೋಕದಲ್ಲಿ ಯಾರೂ ಹೊಗಳದ ವಸ್ತುಗಳು ಹಲವಿವೆ. ಅವುಗಳಲ್ಲಿ ಅಗ್ರಸ್ಥಾನ ತೆರಿಗೆಯದು. ಮಳೆಯನ್ನು ಬೈದವನೂ ರಾಶಿ ಮನೆಗೆ ಬಂದಾಗ ಮಳೆರಾಯನನ್ನು ನೆನೆಯುತ್ತಾನೆ. ಕಹಿ ಕಷಾಯವನ್ನು ಶಪಿಸಿದವನೂ ಜ್ವರ ಬಿಟ್ಟ ಮೇಲೆ ವೈದ್ಯನಿಗೆ ಕೈಮುಗಿಯುತ್ತಾನೆ. ತೆರಿಗೆಗೆ ಮಾತ್ರ ಈ ಭಾಗ್ಯವಿಲ್ಲ. ಸರಕಾರಿ ಶಾಲೆಯಲ್ಲಿ ಕಲಿತ ಅಕ್ಷರಗಳಿಂದಲೇ ನಾವು ಸರಕಾರಕ್ಕೆ ಬೈಗುಳದ ಪತ್ರವನ್ನು ಬರೆಯುತ್ತೇವೆ. ಆ ಅಕ್ಷರಗಳಿಗೆ ಹಣ ತೆತ್ತವರು ಯಾರೆಂದು ವಿಚಾರಿಸುವುದಿಲ್ಲ.

ವರಮಾನ ತೆರಿಗೆಯನ್ನು ಏರಿಸಿ ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಹಣ ಒದಗಿಸಬೇಕೇ, ಬೇಡವೇ? ಈ ಪ್ರಶ್ನೆ ದೆಹಲಿಯ ಅರ್ಥಪಂಡಿತರಿಗೆ ಸೇರಿದ್ದು, ಕುಕನೂರಿನಂಥ ಊರಿನವರಿಗೆ ಅದರಿಂದ ಆಗಬೇಕಾದುದೇನೂ ಇಲ್ಲವೆಂದು ನಾವು ಭಾವಿಸುವುದುಂಟು. ಆದರೆ 2025ರ ಫೆಬ್ರವರಿ ತಿಂಗಳು ಆ ಪ್ರಶ್ನೆಯನ್ನು ತಂದು ನಮ್ಮ ಬಾಗಿಲಿಗೇ ನಿಲ್ಲಿಸಿತು.

ಆ ತಿಂಗಳ ಒಂದನೆಯ ತಾರೀಖಿನಂದು ಕೇಂದ್ರದ ಮುಂಗಡಪತ್ರ ಮಂಡಿತವಾಯಿತು. ಹೊಸ ಪದ್ಧತಿಯನ್ನು ಆಯ್ದುಕೊಂಡವರಿಗೆ ವರ್ಷಕ್ಕೆ 12 ಲಕ್ಷ ರೂಪಾಯಿಗಳವರೆಗಿನ ವರಮಾನದ ಮೇಲೆ ತೆರಿಗೆಯೇ ಇಲ್ಲವೆಂದು ಸಾರಲಾಯಿತು. ಸಂಬಳದಾರರಿಗೆ ಈ ಮಿತಿ 12.75 ಲಕ್ಷ. ಮಧ್ಯಮವರ್ಗದ ಮನೆಗಳಲ್ಲಿ ಅಂದು ಹಬ್ಬ. ಅಧ್ಯಾಪಕರ ಕೊಠಡಿಗಳಲ್ಲಿ ಪೇಢೆ ಹಂಚಿದ್ದೂ ಉಂಟು. ಅದೇ ತಿಂಗಳಿನಲ್ಲಿ ಬೆಂಗಳೂರಿನಿಂದ ಮತ್ತೊಂದು ಸುದ್ದಿ ಬಂದಿತು. ರಾಜ್ಯ ಸಚಿವ ಸಂಪುಟದ ಉಪಸಮಿತಿಯೊಂದು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆಯನ್ನು ಮುಂದಿಟ್ಟಿತ್ತು. ಅವುಗಳಲ್ಲಿ ಕೊಪ್ಪಳ ವಿಶ್ವವಿದ್ಯಾಲಯವೂ ಒಂದು. ಕೊಟ್ಟ ಕಾರಣಗಳಲ್ಲಿ ಮುಖ್ಯವಾದುದು ಹಣವಿಲ್ಲವೆಂಬುದು.

ದೂರದ ವಾಚಕರಿಗೆ ಒಂದು ಮಾತು ತಿಳಿಸಬೇಕು. ಹೆಸರು ಕೊಪ್ಪಳದ್ದಾದರೂ ಈ ವಿಶ್ವವಿದ್ಯಾಲಯ 2023ರಲ್ಲಿ ಕಣ್ತೆರೆದುದು ನಮ್ಮ ಕುಕನೂರಿಗೆ ಸಮೀಪದ ತಳಕಲ್ಲಿನಲ್ಲಿ. ಅದಕ್ಕೆ ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳು ಬಳ್ಳಾರಿಯ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಾದರೆ ನೂರು ಕಿಲೋಮೀಟರಿಗೂ ಮಿಕ್ಕ ಪ್ರಯಾಣ. ಎಂ.ಎ. ಓದಬೇಕೆನ್ನುವ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಬಳ್ಳಾರಿಗೆ ಕಳುಹಿಸಲು ಒಪ್ಪದ ತಂದೆ, ಬೆಳಗ್ಗೆ ಹೋಗಿ ಸಂಜೆ ಮರಳಬಹುದಾದ ತಳಕಲ್ಲಿಗೆ ಒಪ್ಪುತ್ತಾನೆ. ಇಲ್ಲಿ ವಿಶ್ವವಿದ್ಯಾಲಯದ ಬೆಲೆಯನ್ನು ಕಟ್ಟಡದಿಂದ ಅಳೆಯುವುದಲ್ಲ, ದೂರದಿಂದ ಅಳೆಯಬೇಕು.

ಈ ಎರಡು ಸುದ್ದಿಗಳನ್ನೂ ಓದಿದ ಪೇಟೆಯ ವರ್ತಕ ಮಿತ್ರರೊಬ್ಬರು ನನಗೆ ಹೇಳಿದ ಮಾತು ಇದು: “ಯೂನಿವರ್ಸಿಟಿ ಮುಚ್ಚಾಕ ಬಿಡಬಾರದ್ರಿ ಮಾಸ್ತರ. ಬೇಕಾದ್ರ ಅಂಗಡಿ ಬಂದ್ ಮಾಡಿ ನಾವೂ ಬರತೀವಿ. ಆದ್ರ ಟ್ಯಾಕ್ಸ್ ಮಾತ್ರ ಒಂದು ಪೈಸಾನೂ ಏರಿಸಬಾರದು ನೋಡ್ರಿ!”

ಮಿತ್ರರ ಮಾತಿಗೆ ನಗಬಾರದು. ನಮ್ಮೆಲ್ಲರ ಮನಸ್ಸಿನಲ್ಲಿರುವುದನ್ನೇ ಅವರು ಬಾಯಿಬಿಟ್ಟು ಆಡಿದರು. ಕೇಂದ್ರದ ತೆರಿಗೆಗೂ ರಾಜ್ಯದ ವಿಶ್ವವಿದ್ಯಾಲಯಕ್ಕೂ ಏನು ಸಂಬಂಧವೆಂದು ಕೇಳುವವರೂ ಇದ್ದಾರೆ. ಸಂಬಂಧವಿದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ವರಮಾನ ತೆರಿಗೆಯನ್ನು ವಸೂಲು ಮಾಡುವುದು ಕೇಂದ್ರವಾದರೂ ಅದು ಕೇಂದ್ರವೊಂದರ ಸೊತ್ತಲ್ಲ. ಹಂಚಿಕೆಗೆ ಸೇರಿದ ತೆರಿಗೆಗಳಲ್ಲಿ ನೂರಕ್ಕೆ 41 ಪಾಲು ರಾಜ್ಯಗಳಿಗೆ ಸಲ್ಲಬೇಕೆಂದು 15ನೆಯ ಹಣಕಾಸು ಆಯೋಗ ವಿಧಿಸಿತ್ತು. ಆ ಪಾಲಿನಲ್ಲಿ 2021ರಿಂದ 2026ರವರೆಗಿನ ಅವಧಿಗೆ ಕರ್ನಾಟಕದ ಭಾಗ ನೂರಕ್ಕೆ 3.647. ವರಮಾನ ತೆರಿಗೆಯ ರಿಯಾಯಿತಿಯಿಂದ ವರ್ಷಕ್ಕೆ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ ಕೈಬಿಟ್ಟಂತಾಗುತ್ತದೆಂದು ಅರ್ಥಸಚಿವರೇ ಸಂಸತ್ತಿನಲ್ಲಿ ಹೇಳಿದರು. ಲಕ್ಷ ಕೋಟಿಯಲ್ಲಿ ರಾಜ್ಯಗಳ ಪಾಲು 41 ಸಾವಿರ ಕೋಟಿ. ಅದರಲ್ಲಿ ಕರ್ನಾಟಕದ್ದು ಸುಮಾರು ಒಂದೂವರೆ ಸಾವಿರ ಕೋಟಿ. ಹಂಚಿಕೆಗೆ ಸೇರದ ಸೆಸ್ಸು ಮುಂತಾದವನ್ನು ಕಳೆದರೆ ಮೊತ್ತ ತುಸು ತಗ್ಗೀತು. ತಗ್ಗಿದರೂ ಅದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಿ. 2022ರ ರಾಜ್ಯ ಮುಂಗಡಪತ್ರದಲ್ಲಿ ಕೊಪ್ಪಳವೂ ಸೇರಿ ಏಳು ಹೊಸ ವಿಶ್ವವಿದ್ಯಾಲಯಗಳಿಗೆ ಒದಗಿಸಿದ ಹಣ ಒಟ್ಟು 14 ಕೋಟಿ. ತಲಾ ಎರಡೇ ಕೋಟಿ.

ಆ ರಿಯಾಯಿತಿ ಯಾರಿಗೆ ಎಷ್ಟು ಸಂದಿತು? 12 ಲಕ್ಷ ವರಮಾನದವರಿಗೆ 80 ಸಾವಿರ, 18 ಲಕ್ಷದವರಿಗೆ 70 ಸಾವಿರ, 25 ಲಕ್ಷದವರಿಗೆ ಒಂದು ಲಕ್ಷ 10 ಸಾವಿರ ರೂಪಾಯಿ ಉಳಿತಾಯವೆಂದು ಸರಕಾರವೇ ವಿವರಿಸಿತು. ಜನರ ಕೈಯಲ್ಲಿ ಹಣ ಉಳಿದರೆ ಖರೀದಿ ಹೆಚ್ಚುತ್ತದೆ, ಅದರಿಂದ ವ್ಯಾಪಾರ ಬೆಳೆಯುತ್ತದೆ ಎಂಬ ಸಮರ್ಥನೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಬೆಲೆಗಳು ಏರುತ್ತಿರುವಾಗ 12 ಲಕ್ಷದವನಿಗೆ ಉಸಿರಾಡಲು ಅವಕಾಶ ಕೊಟ್ಟದ್ದನ್ನು ನಾನು ಆಕ್ಷೇಪಿಸುವುದೂ ಇಲ್ಲ. ಆದರೆ 25 ಲಕ್ಷದವನಿಗೆ ಎಲ್ಲರಿಗಿಂತ ದೊಡ್ಡ ಉಡುಗೊರೆ ಏತಕ್ಕೆ ಎಂಬ ಪ್ರಶ್ನೆಯನ್ನು ಕೇಳಬಹುದಲ್ಲವೆ?

ತೆರಿಗೆ ಏರಿಕೆಯ ವಿರುದ್ಧ ಕೇಳಿಬರುವ ಮೊದಲನೆಯ ಆಕ್ಷೇಪ, ಬೆರಳೆಣಿಕೆಯ ಜನ ದೇಶವನ್ನೆಲ್ಲ ಹೊತ್ತಿದ್ದಾರೆ ಎಂಬುದು. 2022–23ರಲ್ಲಿ 7.40 ಕೋಟಿ ಜನ ವರಮಾನದ ವಿವರ ಸಲ್ಲಿಸಿದರು, ಅವರಲ್ಲಿ 5.16 ಕೋಟಿ ಜನ ತೆರಬೇಕಾದ ತೆರಿಗೆ ಸೊನ್ನೆ. ಉಳಿದವರು ಎರಡೂಕಾಲು ಕೋಟಿಗೂ ತುಸು ಕಡಿಮೆ. ಅಂಕಿ ಸರಿಯೇ, ಅದರಿಂದ ತೆಗೆಯುವ ತೀರ್ಮಾನ ಮಾತ್ರ ಸರಿಯಲ್ಲ. ಯಲಬುರ್ಗಿಯ ಎರೆಹೊಲದಲ್ಲಿ ಕಳೆ ಕೀಳುವ ಹೆಂಗಸೂ ಸಾಬೂನು ಕೊಳ್ಳುತ್ತಾಳೆ, ಡೀಸೆಲಿನ ಬಸ್ಸಿನಲ್ಲಿ ಸಂತೆಗೆ ಬರುತ್ತಾಳೆ. ಅವಳ ಸಾಬೂನಿನ ಮೇಲಿನ ತೆರಿಗೆಗೂ ಕೋಟ್ಯಧೀಶನ ಸಾಬೂನಿನ ಮೇಲಿನ ತೆರಿಗೆಗೂ ದರ ಒಂದೇ. ಅವಳು ತೆರುವುದನ್ನು ಯಾವ ಚೀಟಿಯೂ ಅವಳಿಗೆ ತಿಳಿಸುವುದಿಲ್ಲ. ಶಕ್ತಿಯನ್ನು ನೋಡಿ ಹೊರೆ ಹೊರಿಸುವ ತೆರಿಗೆ ವರಮಾನ ತೆರಿಗೆ. ಅದನ್ನು ತಗ್ಗಿಸಿದಾಗ ಹೊರೆ ಮಾಯವಾಗುವುದಿಲ್ಲ. ಅವಳ ತಲೆಯ ಮೇಲಕ್ಕೆ ಸರಿಯುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದುದು. “ಕೊಟ್ಟದ್ದು ಹೇಳಿದ ಕೆಲಸಕ್ಕೆ ಮುಟ್ಟುತ್ತದೆಂದು ನಂಬುವುದು ಹೇಗೆ?” ಈ ಮಾತಿಗೆ ನಮ್ಮ ಸೀಮೆಯಲ್ಲಿ ವಿಶೇಷವಾದ ಹಿನ್ನೆಲೆಯುಂಟು. ಕೊಪ್ಪಳ, ಯಲಬುರ್ಗಿ ತಾಲ್ಲೂಕುಗಳು ನಿಜಾಮರ ಕಾಲದಲ್ಲಿ ಸಾಲಾರ್ ಜಂಗರ ಜಾಗೀರು. ನಮ್ಮ ಅಜ್ಜಂದಿರ ಪಾಲಿಗೆ ತೆರಿಗೆಯೆಂದರೆ ಊರಿನಿಂದ ಹೊರಟು ಹೈದರಾಬಾದಿನ ದಾರಿ ಹಿಡಿದು ಮತ್ತೆ ಮರಳದ ಹಣ. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. ಆ ಶಂಕೆ ಮುಗಿಯಲಿಲ್ಲ.

ಶಂಕೆಗೆ ಸ್ವತಂತ್ರ ಭಾರತವೂ ಆಹಾರ ಒದಗಿಸಿದೆ. 2004ರಲ್ಲಿ ಪ್ರಾಥಮಿಕ ಶಿಕ್ಷಣಕ್ಕೆಂದು ತೆರಿಗೆಯ ಮೇಲೆ ನೂರಕ್ಕೆ ಎರಡರ ಸೆಸ್ಸು ಬಂದಿತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೊಂದು ಸೇರಿತು. ಈ ಎರಡನೆಯ ಸೆಸ್ಸಿನಿಂದ 2016–17ರವರೆಗೆ ಕೂಡಿದ 83 ಸಾವಿರ ಕೋಟಿಗೂ ಮಿಕ್ಕ ಹಣಕ್ಕೆ ಪ್ರತ್ಯೇಕ ನಿಧಿಯನ್ನೇ ಮಾಡಿರಲಿಲ್ಲವೆಂದು ಮಹಾಲೇಖಪಾಲರು ಬಯಲಿಗೆಳೆದರು. 2017ರಲ್ಲಿ ನಿಧಿ ಸ್ಥಾಪನೆಗೆ ಒಪ್ಪಿಗೆ ದೊರೆಯಿತು. 2018ರಲ್ಲಿ ಇವೆಲ್ಲ ಸೇರಿ ನೂರಕ್ಕೆ ನಾಲ್ಕರ ಆರೋಗ್ಯ ಮತ್ತು ಶಿಕ್ಷಣ ಸೆಸ್ಸಾಯಿತು. ಹೆಸರೇನೋ ಮಧುರ. ಆದರೆ ಸೆಸ್ಸಿನಲ್ಲಿ ರಾಜ್ಯಗಳಿಗೆ ಹಕ್ಕಿನ ಪಾಲಿಲ್ಲ. ಶಿಕ್ಷಣದ ಹೆಸರಿನಲ್ಲಿ ನಾವು ತೆತ್ತದ್ದು ತಳಕಲ್ಲಿಗೆ ಬರಬೇಕಾದರೆ ಅದಕ್ಕೆ ನೇರವಾದ ದಾರಿಯಿಲ್ಲ.

ಈ ವಿಷಯದಲ್ಲಿ ನಮ್ಮ ಪ್ರಾಚೀನರು ಒಂದು ಜಾಣತನ ತೋರಿದ್ದರು. ಕುಕನೂರಿನ ನವಲಿಂಗ, ಕಲ್ಲೇಶ್ವರ ದೇವಾಲಯಗಳು ರಾಷ್ಟ್ರಕೂಟರ ಕಾಲದವು. ನೆರೆಯ ಇಟಗಿಯ ಮಹಾದೇವಾಲಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಸಿದ್ಧಾಯಗಳೆಂಬ ತೆರಿಗೆಗಳ ಹೆಸರುಗಳು ಪರಿಚಿತ. ಇಂಥ ಸುಂಕದ ಹುಟ್ಟುವಳಿ ಇಂಥ ಕೆಲಸಕ್ಕೆ, ಇದು ದೀಪದ ಎಣ್ಣೆಗೆ, ಇದು ವಿದ್ಯಾರ್ಥಿಗಳ ಊಟಕ್ಕೆ, ಇದು ಕೆರೆಯ ದುರಸ್ತಿಗೆ ಎಂದು ಕಲ್ಲಿನ ಮೇಲೆ ಕೊರೆಸಿ ಎಲ್ಲರೂ ಕಾಣುವಲ್ಲಿ ನಿಲ್ಲಿಸುತ್ತಿದ್ದರು. ತಪ್ಪಿ ನಡೆದವನಿಗೆ ಘೋರ ಪಾಪದ ಶಾಪ ಕೊನೆಯಲ್ಲಿರುತ್ತಿತ್ತು. ಆ ಕಾಲವೆಲ್ಲ ಸುವರ್ಣಯುಗವೆಂದು ನನ್ನ ವಾದವಲ್ಲ. ತೆತ್ತ ಒಕ್ಕಲಿಗನಿಗೂ ಉಂಡ ಅಗ್ರಹಾರಕ್ಕೂ ನಡುವೆ ಇದ್ದ ಅಂತರ ನನಗೆ ತಿಳಿಯದ್ದಲ್ಲ. ಕೊಟ್ಟದ್ದು ಎಲ್ಲಿಗೆ ಹೋಯಿತೆಂದು ತೋರಿಸುವ ಕಲ್ಲೊಂದು ಇತ್ತು ಎಂಬುದಷ್ಟೇ ನನ್ನ ಮಾತು. ಇಂದು ಆ ಕಲ್ಲಿನ ಸ್ಥಾನದಲ್ಲಿ ಲೇಖಪಾಲರ ವರದಿಯಿದೆ. ಅದನ್ನು ಓದುವವರು ವಿರಳ. ಶಾಪಕ್ಕೆ ಅಂಜುವವರು ಇನ್ನೂ ವಿರಳ.

ತೆರಿಗೆಯನ್ನು ಮಿತಿಮೀರಿ ಏರಿಸಿದರೂ ಕೆಲಸ ಕೆಡುತ್ತದೆ. 1971ರಲ್ಲಿ ಎರಡು ಲಕ್ಷಕ್ಕೆ ಮೀರಿದ ವರಮಾನದ ಮೇಲೆ ಸರ್‌ಚಾರ್ಜು ಸೇರಿ ತೆರಿಗೆ ನೂರಕ್ಕೆ 97.75ಕ್ಕೆ ಮುಟ್ಟಿತು. ನೂರು ರೂಪಾಯಿ ಗಳಿಸಿದವನಿಗೆ ಉಳಿದದ್ದು ಎರಡೂಕಾಲು ರೂಪಾಯಿ. ವಾಂಛೂ ಸಮಿತಿಯು ಕಳ್ಳಹಣಕ್ಕೆ ಈ ವಿಪರೀತ ದರವೂ ಕಾರಣವೆಂದು ಕಂಡು ಅದನ್ನು ಇಳಿಸಲು ಸೂಚಿಸಿತು. 1974ರಲ್ಲಿ ದರ 77ಕ್ಕೆ ಇಳಿಯಿತು. 1997ರಲ್ಲಿ ಮೇಲಿನ ದರ 30ಕ್ಕೆ ಬಂದಿತು. 97ಕ್ಕೆ ಮರಳಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ 97ರ ಭೂತವನ್ನು ತೋರಿಸಿ, 30 ಇದ್ದುದು 32 ಆಗಬಾರದೆಂದು ಹೆದರಿಸುವುದು ನ್ಯಾಯವಲ್ಲ.

ಮೂರನೆಯ ಮಾತು ನಮ್ಮ ನಾಡಿನ ಘೋಷಣೆ. 2024ರ ಫೆಬ್ರವರಿ 7ರಂದು ಕರ್ನಾಟಕದ ಮುಖ್ಯಮಂತ್ರಿಗಳೂ ಮಂತ್ರಿಗಳೂ ದೆಹಲಿಯ ಜಂತರ್ ಮಂತರ್‌ನಲ್ಲಿ ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಕೂಗಿದರು. 14ನೆಯ ಆಯೋಗದಲ್ಲಿ 4.713 ಇದ್ದ ಪಾಲು 15ನೆಯ ಆಯೋಗದಲ್ಲಿ 3.647ಕ್ಕೆ ಇಳಿದಾಗ ಅಸಮಾಧಾನ ಸಹಜ, ದೂರಿನಲ್ಲಿ ಹುರುಳಿದೆ. ಆದರೆ ಘೋಷಣೆಯ ಮಾತನ್ನು ಕುಕನೂರಿನವರು ಎಚ್ಚರದಿಂದ ಆಡಬೇಕು. ಅದನ್ನೇ ನಾಳೆ ಬೆಂಗಳೂರಿನವರು ನಮ್ಮತ್ತ ತಿರುಗಿ ಆಡಿದರೆ? ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು. ಅವುಗಳಲ್ಲಿ ಬಹುಪಾಲು ಉತ್ತರದವು. 371ಜೆ ವಿಧಿಯೂ ಕಲ್ಯಾಣ ಕರ್ನಾಟಕದ ಮಂಡಳಿಯ ಅನುದಾನವೂ ಬಂದದ್ದು ಈ ಅಂತರವನ್ನು ತುಂಬುವುದಕ್ಕಾಗಿಯೇ. 2025ರ ಮೇ ತಿಂಗಳಿನಲ್ಲಿ ತಳಕಲ್ಲಿನಿಂದ ಕುಕನೂರು, ಯಲಬುರ್ಗಿಗಳ ಮೂಲಕ ಕುಷ್ಟಗಿಗೆ ರೈಲು ಓಡಿತು. ನಮ್ಮ ಟಿಕೇಟಿನ ಹಣದಿಂದ ಆ ಹಳಿಗಳು ಬಿದ್ದಿಲ್ಲ. ಕುಕನೂರನ್ನು ಎಂದೂ ಕಾಣದವರು ತೆತ್ತ ತೆರಿಗೆಯ ಮೇಲೆ ಆ ರೈಲು ಓಡುತ್ತಿದೆ. ಹಾಗಿರುವಾಗ ತೆರುವ ಶಕ್ತಿಯುಳ್ಳ ನಾವು, ನಮ್ಮ ಊರಿನಲ್ಲಿಯೇ ಇದ್ದರೂ, ಹಿಂದೆ ಸರಿಯುವುದು ಹೇಗೆ?

ಕೊನೆಗೆ ಗೃಹಿಣಿಯರು ಸುಲಭವಾಗಿ ಪರೀಕ್ಷಿಸಬಹುದಾದ ಒಂದು ಲೆಕ್ಕ. ಮಗನ ಖಾಸಗಿ ಶಾಲೆಯ ಶುಲ್ಕ, ಧಾರವಾಡದ ಕೋಚಿಂಗು, ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯ ಬಿಲ್ಲು, ಕುಡಿಯುವ ನೀರಿನ ಕ್ಯಾನು, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೂಡಿಸಿ. ಪಕ್ಕದಲ್ಲಿ ವರಮಾನ ತೆರಿಗೆಯನ್ನು ಬರೆಯಿರಿ. ಸರಕಾರಿ ಸೇವೆ ಕೆಟ್ಟಾಗ ನಾವು ತೆರಿಗೆಯಿಂದ ಪಾರಾಗುವುದಿಲ್ಲ. ಶುಲ್ಕವೆಂಬ ಇನ್ನೊಂದು ಹೆಸರಿನಲ್ಲಿ ತೆರುತ್ತೇವೆ. ಅದನ್ನು ತೆರಲಾರದ ನೆರೆಯವನ ಮಗಳು ಮನೆಯಲ್ಲಿ ಉಳಿಯುತ್ತಾಳೆ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಹೆಚ್ಚು ವರಮಾನದವರ ತೆರಿಗೆಯ ದರವನ್ನು ಮಿತವಾಗಿ ಏರಿಸಲಿ; ಏರಿಕೆ ಸೆಸ್ಸಿನ ರೂಪದಲ್ಲಿ ಬೇಡ, ರಾಜ್ಯಗಳಿಗೂ ಪಾಲು ಬರುವಂತೆ ಮೂಲದರದಲ್ಲಿಯೇ ಇರಲಿ. ರಾಜ್ಯದ ಕೈಯಲ್ಲಿರುವ ವೃತ್ತಿ ತೆರಿಗೆಗೆ ಸಂವಿಧಾನ 1988ರಲ್ಲಿ ವರ್ಷಕ್ಕೆ 2,500 ರೂಪಾಯಿಗಳ ಮಿತಿ ಹಾಕಿತು. ತಿಂಗಳಿಗೆ 25 ಸಾವಿರ ಎಣಿಸುವವನಿಗೂ 25 ಲಕ್ಷ ಎಣಿಸುವವನಿಗೂ ಅದಕ್ಕಿಂತ ಹೆಚ್ಚು ಹೇರುವಂತಿಲ್ಲ. ಆ ಮಿತಿಯನ್ನು ತಿದ್ದಿ, ಗಳಿಕೆಗೆ ತಕ್ಕಂತೆ ಮೆಟ್ಟಿಲುಗಳನ್ನು ಮಾಡಲಿ. ಬಂದ ಹಣ ಯಾವ ಶಾಲೆಗೆ, ಯಾವ ಆಸ್ಪತ್ರೆಗೆ ಎಷ್ಟು ಸಂದಿತೆಂಬುದನ್ನು ಆಯಾ ಕಟ್ಟಡದ ಮುಂದೆಯೇ ಕನ್ನಡದಲ್ಲಿ ಬರೆಸಿ ನಿಲ್ಲಿಸಲಿ. ಶಾಪದ ಸಾಲು ಬೇಡ. ಲೆಕ್ಕದ ಸಾಲು ಸಾಕು.

ಮುಂದಿನ ಮುಂಗಡಪತ್ರದ ದಿನ ಮನೆಯವರೆಲ್ಲ ರೇಡಿಯೋ, ದೂರದರ್ಶನಗಳ ಮುಂದೆ ಕುಳಿತಾಗ “ನಮಗೆ ಎಷ್ಟು ಉಳಿಯಿತು?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ದೊರೆತ ಮೇಲೆ, ವಾಚಕರೇ, “ಅದು ಯಾವುದರಲ್ಲಿ ಕಡಿಮೆಯಾಯಿತು?” ಎಂಬ ಪ್ರಶ್ನೆಯನ್ನು ತಾವು ಕೇಳಿರಿ. ಪೇಢೆ ಹಂಚುವುದು ಆಮೇಲೆ ಆಗಲಿ.